ಹಂಡೆ ಒಲೆಯ ಮಣ್ಣು

ಮಗಳ ರಕ್ತದಲ್ಲಿ ಸೀಸ ಸೇರಿದೆ ಎಂದು ಕೊಪ್ಪದ ಡಾಕ್ಟರಮ್ಮ ಹೇಳಿದಾಗ ದೇವರಾಜ ನಕ್ಕುಬಿಟ್ಟ.

"ರಕ್ತದಲ್ಲಿ ಸೀಸ ಎಲ್ಲಿಂದ ಬರ್ತದೆ ಡಾಕ್ಟ್ರೇ? ಗುಂಡು ಗಿಂಡು ನುಂಗಿದ್ರೆ ಕೆಳಗೆ ಹೋಗಿರ್ತಿತ್ತಪ್ಪ."

ಡಾಕ್ಟರಮ್ಮ ನಗಲಿಲ್ಲ. ಮಂಗಳೂರಿನಿಂದ ಬಂದ ಕಾಗದವನ್ನು ಅವನತ್ತ ತಿರುಗಿಸಿ, ನಲವತ್ತೊಂದು ಎಂಬ ಅಂಕಿಯ ಮೇಲೆ ಬೆರಳಿಟ್ಟರು. "ಐದು ದಾಟಿದ್ರೇ ಎಲ್ಲಿಂದ ಬಂತು ಅಂತ ಹುಡುಕ್ಬೇಕು. ದೀಪಶ್ರೀಗೆ ಹೊಟ್ಟೆನೋವು, ಊಟ ಸೇರಲ್ಲ, ಅಂಗನವಾಡೀಲಿ ಕಲಿತ ಹಾಡು ಮರೀತಾಳೆ ಅಂದ್ರಲ್ಲ, ಎಲ್ಲ ಇದ್ರಿಂದಲೇ ಇರಬಹುದು. ಮನೇಲಿ ಸೀಸದ ಕೆಲಸ ಏನಾದ್ರೂ ಮಾಡ್ತೀರಾ?"

ದೇವರಾಜನ ನಗು ನಿಂತಿತು. ಅವನು ಕೊಪ್ಪದ ಪಕ್ಕದ ನಾರ್ವೆ ಎಂಬ ಹಳ್ಳಿಯಲ್ಲಿ ತೋಟದ ಕೆಲಸಕ್ಕೆ ಹೋಗುವವನು. ಕೆಲಸವಿಲ್ಲದ ದಿನ ಹಳೆಯ ಬ್ಯಾಟರಿ ಒಡೆದು, ಸೀಸ ಕರಗಿಸಿ, ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡು ಎರೆಯುತ್ತಿದ್ದ. ನರಸಿಂಹರಾಜಪುರದ ಹಿನ್ನೀರಿನಲ್ಲಿ ಮೀನು ಹಿಡಿಯುವವರು ಅವನ ಗುಂಡನ್ನೇ ಕೇಳಿ ಒಯ್ಯುತ್ತಿದ್ದರು. ಅದಕ್ಕೆಂದು ಬೇರೆ ಒಲೆ ಹೂಡಿರಲಿಲ್ಲ. ಬಚ್ಚಲಲ್ಲಿ ಸ್ನಾನದ ನೀರು ಕಾಯಿಸುವ ಹಂಡೆಯ ಒಲೆ ಹೇಗೂ ಉರಿಯುತ್ತಿತ್ತು. ಅದನ್ನೇ ಡಾಕ್ಟರಮ್ಮನಿಗೆ ಹೇಳಿದ.

"ಇನ್ನು ಮಾಡಬೇಡಿ," ಎಂದು ಡಾಕ್ಟರಮ್ಮ ಅವನ ಹೆಂಡತಿಯ ಕಡೆ ತಿರುಗಿದರು. ಸುಮಲತಾಳಿಗೆ ಏಳನೇ ತಿಂಗಳು. "ನೀವು ಮಣ್ಣು, ಬೂದಿ ಅಂತ ಏನಾದ್ರೂ ತಿಂತೀರಾ? ಬಸುರಿಯರು ಕೆಲವರು ತಿಂತಾರೆ. ನಾಚಿಕೆ ಬೇಡ."

"ಇಲ್ಲ," ಅಂದಳು ಸುಮಲತಾ.

ಸೆರಗಿನ ತುದಿಗೆ ಗಂಟು ಹಾಕಿ ಸಿಕ್ಕಿಸಿಕೊಂಡಿದ್ದ ಒಲೆಮಣ್ಣಿನ ಹೆಂಟೆ ಸೊಂಟಕ್ಕೆ ಒತ್ತುತ್ತಿತ್ತು.

ಅವಳ ರಕ್ತವನ್ನೂ ತೆಗೆದುಕೊಂಡರು. "ತಾಯಿ ರಕ್ತದಲ್ಲಿ ಇದ್ದದ್ದು ಹೊಟ್ಟೇಲಿರೋ ಮಗೂಗೂ ಹೋಗ್ತದೆ. ನಾಲ್ಕು ದಿನ ಬಿಟ್ಟು ಬನ್ನಿ."

ಮೂರನೇ ತಿಂಗಳಿಂದ ಶುರುವಾದ ಬಯಕೆ ಅದು. ಅತ್ತೆ ಪುಟ್ಟಕ್ಕನೇ ಹಂಡೆ ಒಲೆಯ ಬಾಯಿಯಿಂದ, ಕೆಂಪಗೆ ಬೆಂದ ಮಣ್ಣನ್ನು ಕತ್ತಿಯ ತುದಿಯಲ್ಲಿ ಎಬ್ಬಿಸಿ ಕೊಡುತ್ತಿದ್ದಳು.

"ತಿನ್ನು ಮಾರಾಯ್ತಿ. ಬಯಕೆ ತೀರದಿದ್ರೆ ಹುಟ್ಟೋ ಕೂಸಿನ ಕಿವಿ ಸೋರ್ತದೆ. ನಿನ್ನ ಗಂಡ ಹೊಟ್ಟೇಲಿದ್ದಾಗ ನಾನು ಅರ್ಧ ಒಲೆ ತಿಂದೀನಿ."

"ಅದಕ್ಕೇ ಅವರ ತಲೆ ಅಷ್ಟು ಗಟ್ಟಿ, ಅತ್ತೆ," ಎಂದು ಸುಮಲತಾ ನಕ್ಕಿದ್ದಳು. ದೀಪಶ್ರೀ ಪಕ್ಕದಲ್ಲಿ ಕೂತು ಬಾಯಿ ತೆರೆದರೆ ಅವಳಿಗೂ ಒಂದು ಚೂರು ಸಿಗುತ್ತಿತ್ತು.

ಆದರೆ ಪುಟ್ಟಕ್ಕ ತಿಂದ ಕಾಲದಲ್ಲಿ ಆ ಒಲೆಯ ಮೇಲೆ ಯಾರೂ ಸೀಸ ಕರಗಿಸಿರಲಿಲ್ಲ. ಬಸ್ಸಿನಲ್ಲಿ ಊರಿಗೆ ಮರಳುವಾಗ ಈ ಮಾತು ಸುಮಲತಾಳಿಗೆ ಹೊಳೆಯಿತು. ಗಂಡನಿಗೆ ಹೇಳಬೇಕೆಂದರೆ ಅತ್ತೆಯ ಹೆಸರು ಬರುತ್ತದೆ. ಕಿಟಕಿಯಿಂದ ಹೆಂಟೆಯನ್ನು ಹೊರಗೆ ಎಸೆದಳು. ಎಸೆದ ಮೇಲೆ ಬೆರಳನ್ನು ಮೂಸಿದಳು.

ಎರಡು ದಿನ ಬಚ್ಚಲ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಗಂಡ ಕೆಲಸಕ್ಕೆ ಹೋದ ಮೇಲೆ, ಉಗುರಿನಿಂದಲೇ ಒಲೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡಳು. ಹೊಟ್ಟೆಯೊಳಗೆ ಮಗು ಒದೆಯಿತು. ಬಾಯಲ್ಲಿದ್ದುದನ್ನು ಉಗುಳಬೇಕೆಂದುಕೊಂಡವಳು ನುಂಗಿದಳು. ಆಮೇಲೆ ಮಗು ಸಂಜೆಯವರೆಗೂ ಮಿಸುಕಲಿಲ್ಲ. ಹೊಟ್ಟೆಯ ಮೇಲೆ ಅಂಗೈ ಒತ್ತಿಕೊಂಡು ಅಡಿಗೆಮನೆಯ ಗೋಡೆಗೆ ಒರಗಿ ಕೂತೇ ಇದ್ದಳು. ದೀಪ ಹಚ್ಚುವ ಹೊತ್ತಿಗೆ ಅದು ಒಮ್ಮೆ ಹೊರಳಿದಾಗ ಅವಳಿಗೆ ಅಳು ಬಂತು.

ನಾಲ್ಕನೆಯ ದಿನ ಡಾಕ್ಟರಮ್ಮ ಕಾಗದ ನೋಡಿ ಅದನ್ನು ಸುಮಲತಾಳ ಮುಂದಿಟ್ಟರು. "ನಿಮ್ಮದು ಮೂವತ್ತಾರು. ಗುಂಡು ಎರೆಯೋದು ಅವರು. ನಿಮಗೆ ಇಷ್ಟು ಹೇಗೆ?"

"ನಾನು ಒಲೆಮಣ್ಣು ತಿಂತೀನಿ," ಅಂದಳು ಸುಮಲತಾ. "ಮಗಳಿಗೂ ನಾನೇ ತಿನ್ಸಿದ್ದು. ನಿನ್ನೇನೂ ತಿಂದೆ."

"ಎಂತ ಹೇಳ್ತಿದೀಯೇ ನೀನು?" ದೇವರಾಜ ಎದ್ದುನಿಂತ.

ಅವಳು ಅವನನ್ನು ನೋಡಲಿಲ್ಲ. "ಹೊಟ್ಟೇಲಿರೋದಕ್ಕೆ ಎಂತ ಆಗ್ತದೆ ಡಾಕ್ಟ್ರೇ?"

"ಈಗಲೇ ಹೇಳೋಕೆ ಆಗಲ್ಲ ಕಣಮ್ಮ. ತೂಕ ಕಡಿಮೆ ಇರಬಹುದು, ದಿನ ತುಂಬೋ ಮೊದಲೇ ಹುಟ್ಟಬಹುದು. ಏನೂ ಆಗದೆಯೂ ಇರಬಹುದು. ಇವತ್ತಿಂದ ಒಂದು ಚೂರೂ ಬಾಯಿಗೆ ಹೋಗಬಾರದು, ನಿಮಗೂ, ಮಗಳಿಗೂ. ಮಾತ್ರೆ ಕೊಡ್ತೀನಿ, ರಕ್ತ ಮತ್ತೆ ಮತ್ತೆ ನೋಡೋಣ. ಆ ಒಲೆ ತೆಗೀರಿ. ಒಣಗಿದ್ದನ್ನ ಒಡೀಬೇಡಿ, ಧೂಳು ಏಳ್ತದೆ. ನೀರು ಹಾಕಿ ನೆನೆಸಿ. ನೀವಿಬ್ಬರೂ ದೂರ ಇರಿ."

ಮನೆಗೆ ಬಂದವನೇ ದೇವರಾಜ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಹಂಡೆ ಇಳಿಸಿದ. ಪುಟ್ಟಕ್ಕ ಅಂಗಳದಲ್ಲಿ ಕುಕ್ಕರಿಸಿದ್ದಳು. "ನನ್ನ ಕೈಯಾರೆ ಕೊಟ್ನಲ್ಲೋ ದೇವರಾಜ," ಅಂದಳು. ಅವನು ಮೊದಲ ಕೊಡ ಸುರಿದ.

ಬೆಳಗಿನ ಕಾವು ಇನ್ನೂ ಇದ್ದ ಒಲೆ ಚೊಂಯ್ ಎಂದಿತು. ದೂರದ ಹಲಸಿನ ಮರದ ಕೆಳಗೆ ಮಗಳ ಕೈ ಹಿಡಿದು ನಿಂತಿದ್ದ ಸುಮಲತಾಳವರೆಗೂ ಬೆಂದ ಮಣ್ಣು ನೆನೆದ ವಾಸನೆ ಬಂತು. ಅವಳ ಬಾಯಿ ತುಂಬ ನೀರೂರಿತು. ಹೆದರಿ ಕೆಳಗೆ ನೋಡಿದಳು. ಬಚ್ಚಲಿನತ್ತ ಮೂಗು ಅರಳಿಸಿ ನಿಂತಿದ್ದ ದೀಪಶ್ರೀ ಗುಟುಕ್ಕನೆ ಉಗುಳು ನುಂಗಿದಳು. ಒಂದು ಹೆಜ್ಜೆ ಮುಂದಿಟ್ಟಳು.

ಸುಮಲತಾ ಕೈ ಬಿಗಿದಳು.

"ಅಮ್ಮಾ, ನೋಯ್ತದೆ."

ಅವಳು ಸಡಿಲಿಸಲಿಲ್ಲ.