ತುಟಿಯ ಹಿಂದೆ ಉಳಿದ ಮಾತು

ದೀಪಾವಳಿಗೆ ಅಣ್ಣ ಅಭಿನಂದನ ಹೊಸ ಟಿವಿ ಮತ್ತು ಹೋಮ್ ಥಿಯೇಟರ್ ತಂದ. ಅದಾಗಿ ಹದಿನೈದು ದಿನಕ್ಕೆ, ನಮ್ಮ ಆಯಿಯ ಬುದ್ಧಿ ಮಂಕಾಗುತ್ತಿದೆ ಎಂದು ಮನೆಯಲ್ಲಿ ಮಾತು ಶುರುವಾಯಿತು. ಎರಡನ್ನೂ ಯಾರೂ ಕೂಡಿಸಿ ನೋಡಲಿಲ್ಲ.

ಆಯಿ ಎಂದರೆ ಅಪ್ಪನ ತಾಯಿ ಸುಂದ್ರವ್ವ. ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಏಳು ಗಂಟೆಯ ಮರಾಠಿ ಧಾರಾವಾಹಿಗೆ ಕೂಡುತ್ತಿದ್ದಳು. ಮರುದಿನ ಕಟ್ಟೆಯ ಮೇಲೆ ಕೂತು ಓಣಿಯ ಹೆಂಗಸರಿಗೆ ಅದರ ಕಥೆ ಹೇಳುತ್ತಿದ್ದಳು. ಅವಳು ಹೇಳುವುದೇ ಧಾರಾವಾಹಿಗಿಂತ ಚೆನ್ನ ಎಂದು ಕೆಲವರು ಟಿವಿ ನೋಡುವುದನ್ನೇ ಬಿಟ್ಟಿದ್ದರು. ಈಗ ಆ ಕಥೆ ತಪ್ಪತೊಡಗಿತ್ತು. ಸೊಸೆ ಅತ್ತೆಗೆ ಬೈದಳು ಎಂದು ಆಯಿ ಹೇಳಿದರೆ, ಬೈದದ್ದು ಅತ್ತೆ ಎಂದು ಹೆಂಗಸರು ತಿದ್ದುತ್ತಿದ್ದರು. ಮೊದಲು ನಕ್ಕರು. ಆಮೇಲೆ ಮುಖ ಮುಖ ನೋಡಿಕೊಂಡರು. ಆಯಿ ಕಟ್ಟೆಗೆ ಹೋಗುವುದನ್ನು ನಿಲ್ಲಿಸಿದಳು.

ಅಣ್ಣನ ಹೆಂಡತಿ ಉಜ್ವಲಾ ವೈನಿ ಮಿರಜಿನ ತಲೆ ಡಾಕ್ಟರರಲ್ಲಿ ಗುರುವಾರಕ್ಕೆ ನಂಬರ್ ಹಚ್ಚಿಸಿದಳು. ಆ ಸುದ್ದಿ ಬಂದ ದಿನ ಆಯಿ ನನ್ನ ಜೊತೆ ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಬ್ರಾಹ್ಮಿ, ಖರೇ ಹೇಳ. ನನ್ನ ತಲಿ ಕೆಟ್ಟೇತೇನ?"

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಮನೆಯವರ ಮಾತಿಗೆ ಎದುರಾಗಿ ಏನು ಹೇಳಲಿ? ಆದರೆ ಅಂದಿನಿಂದ ಅವಳನ್ನೇ ನೋಡತೊಡಗಿದೆ. ಎದುರಿಗೆ ಕೂತು ಮಾತಾಡಿದರೆ ಆಯಿಗೆ ಎಲ್ಲವೂ ತಿಳಿಯುತ್ತಿತ್ತು. ವೈನಿ ಒಲೆಯ ಕಡೆ ಮುಖ ಮಾಡಿ ಏನಾದರೂ ಹೇಳಿದರೆ ಮಾತ್ರ "ಏನಂದಿ?" ಎನ್ನುತ್ತಿದ್ದಳು. ಎರಡು ದಿನ ನೋಡಿದ ಮೇಲೆ ಗೊತ್ತಾಯಿತು. ಆಯಿಗೆ ಕೇಳುವುದು ಅರ್ಧ, ಉಳಿದ ಅರ್ಧವನ್ನು ಅವಳು ತುಟಿ ನೋಡಿ ತಿಳಿಯುತ್ತಿದ್ದಳು. ಎಷ್ಟು ವರ್ಷದಿಂದಲೋ, ಯಾರಿಗೂ ಹೇಳಿರಲಿಲ್ಲ.

ಅಂದು ಸಂಜೆ ನಾನೂ ಧಾರಾವಾಹಿಯಲ್ಲಿ ಬರೀ ತುಟಿಗಳನ್ನು ನೋಡಿದೆ. ಅತ್ತೆಯ ತುಟಿ ಮುಚ್ಚಿದ ಮೇಲೆ ಅವಳ ಮಾತಿನ ಬಾಲ ಬರುತ್ತಿತ್ತು. ಅಷ್ಟರಲ್ಲಿ ತೆರೆಯ ಮೇಲೆ ಸೊಸೆಯ ಮುಖ ಬಂದಿರುತ್ತಿತ್ತು. ಅತ್ತೆಯ ಬೈಗುಳ ಸೊಸೆಯ ಬಾಯಿಗೆ ಬೀಳುತ್ತಿತ್ತು.

ಅಣ್ಣನಿಗೆ ಹೇಳಿದರೆ ಅವನು ಡಬ್ಬಿಂಗ್ ಎಂದ. ನಮ್ಮ ಮನೆಯ ಗಂಡಸರು ಹಿಂದಿಗೆ ಡಬ್ ಮಾಡಿದ ಹೊಡೆದಾಟದ ಸಿನಿಮಾಗಳನ್ನೇ ನೋಡುವವರು. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಹೋಗುವುದು ಅವರಿಗೆ ರೂಢಿ. ಆಯಿಯ ಧಾರಾವಾಹಿ ಮರಾಠಿಯಲ್ಲೇ ಮಾಡಿದ್ದು ಎಂದು ನಾನು ಹೇಳುವಷ್ಟರಲ್ಲಿ ಅವನು ಉಗಾರದ ಕಾರ್ಖಾನೆಯ ಶಿಫ್ಟಿಗೆ ಗಾಡಿ ಚಾಲೂ ಮಾಡಿದ್ದ.

ಬುಧವಾರ ಮಧ್ಯಾಹ್ನ ವೈನಿ ಮಲಗಿದ ಮೇಲೆ ಅಣ್ಣನ ಮದುವೆಯ ಪೆನ್ ಡ್ರೈವ್ ತೆಗೆದು ಟಿವಿಗೆ ಹಾಕಿದೆ. ವರಾತದ ಮೆರವಣಿಗೆಯಲ್ಲಿ ಹಲಗಿ ಬಾರಿಸುವವನನ್ನು ಹತ್ತಿರದಿಂದ ತೆಗೆದಿದ್ದರು. ಅವನ ಕೋಲು ಬಿದ್ದು ಮೇಲೆದ್ದ ಮೇಲೆ ಸಪ್ಪಳ ಬಂತು. ಹಲಗಿಗೆ ಡಬ್ಬಿಂಗ್ ಎಲ್ಲಿಯದು? ಹೋಮ್ ಥಿಯೇಟರ್ ಬಂದ್ ಮಾಡಿ ಟಿವಿಯ ಸ್ವಂತ ದನಿ ಹಚ್ಚಿದೆ. ಕೋಲೂ ಸಪ್ಪಳವೂ ಒಟ್ಟಿಗೆ ಬಂದವು. ಹಾಗಾದರೆ ದೋಷ ಟಿವಿಯಲ್ಲಿಲ್ಲ, ಕೆಳಗಿನ ಡಬ್ಬಿಯಲ್ಲಿ.

ಆಗ ಅದನ್ನು ಕೂಡಿಸಿದ ದಿನ ನೆನಪಾಯಿತು. ಫಿಟ್ಟರ್ ರಾಜಾರಾಮ ಒಂದು ಡಬ್ ಸಿನಿಮಾ ಹಚ್ಚಿ ತೋರಿಸಿದ್ದ. ತುಟಿ ಕೂಡುತ್ತಿಲ್ಲ ಎಂದು ಅಣ್ಣ ತಕರಾರು ತೆಗೆದ. ರಾಜಾರಾಮ ರಿಮೋಟ್ ಒತ್ತುತ್ತ ಹೋದ, ಅಣ್ಣ "ಇನ್ನಾ ಸ್ವಲ್ಪ, ಇನ್ನಾ ಸ್ವಲ್ಪ" ಎನ್ನುತ್ತ ಹೋದ. ತೆರೆಯ ಮೂಲೆಯಲ್ಲಿ ಒಂದು ಅಂಕಿ ಏರುತ್ತಿತ್ತು, ಅದು ಏರಿದಷ್ಟೂ ದನಿ ಹಿಂದೆ ಬೀಳುತ್ತಿತ್ತು. ಮುನ್ನೂರಕ್ಕೆ ಒಂದು ಕಡೆ ಹೀರೋನ ತುಟಿಯೂ ಮಾತೂ ಹೇಗೋ ಕೂಡಿದವು. ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದ್ದೆ. ಎಂದೂ ಕೂಡದ ಸಿನಿಮಾಕ್ಕೆ ಮಷೀನನ್ನು ಹೊಂದಿಸಿ, ಇಬ್ಬರೂ ಸಮಾಧಾನದಿಂದ ಚಹಾ ಕುಡಿದಿದ್ದರು.

ಡಬ್ಬಿಯನ್ನು ಮತ್ತೆ ಚಾಲೂ ಮಾಡಿ ಅದರ ರಿಮೋಟ್ ಒತ್ತಿದರೆ ಎಲ್ಲವೂ ಇಂಗ್ಲಿಷ್. ಶಬ್ದ ತಿಳಿಯದಿದ್ದರೇನು, ಅಂಕಿ ಓದಲು ಬರುತ್ತದಲ್ಲ. ಮುನ್ನೂರು ಎಲ್ಲಿದೆಯೋ ಅದೇ ನನ್ನ ಜಾಗ. ಒಂದು ಕಡೆ ಒತ್ತಿದಾಗ ದನಿ ಕೊಡದೊಳಗಿಂದ ಬಂದಂತಾಯಿತು, ಇನ್ನೊಂದು ಕಡೆ ದನಿಯೇ ಹೋಯಿತು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಮತ್ತೆ ಹುಡುಕಿದೆ. ಕೊನೆಗೆ ಸಿಕ್ಕಿತು. ಹತ್ತು ಹತ್ತು ಇಳಿಸುತ್ತ ಸೊನ್ನೆಗೆ ತಂದರೆ ಸಪ್ಪಳ ಕೋಲಿಗಿಂತ ಚೂರು ಮುಂದಾಯಿತು. ಮತ್ತೆ ಏರಿಸಿದೆ. ನಲವತ್ತಕ್ಕೆ ಕೋಲೂ ಸಪ್ಪಳವೂ ಕೂಡಿದವು.

ಸಂಜೆ ಅಣ್ಣ ಬಂದವನೇ ತನ್ನ ಸಿನಿಮಾ ಹಚ್ಚಿದ.

"ಯಾರ ಮುಟ್ಟ್ಯಾರ ಇದನ್ನ? ಮತ್ತ ತುಟಿ ಕೂಡವಲ್ದು."

ವೈನಿ ನನ್ನ ಕಡೆ ನೋಡಿದಳು. ಅಣ್ಣ ಕೈ ಚಾಚಿದ. ನಾನು ಥಿಯೇಟರಿನ ರಿಮೋಟ್ ಕೊಡಲಿಲ್ಲ.

"ನಾನ ಮುಟ್ಟೇನಿ. ಈ ಸಿನಿಮಾ ಏನ್ ಮಾಡಿದ್ರೂ ಕೂಡಂಗಿಲ್ಲ ಅಣ್ಣಾ. ಇದಕ್ಕ ಕೂಡಸಾಕ ಹೋಗಿ ನೀವು ಆಯೀನ ಹುಚ್ಚಿ ಮಾಡೀರಿ."

"ದೊಡ್ಡ ಇಂಜಿನಿಯರ್ ಆಗ್ಯಾಳ," ಎಂದ ಅಣ್ಣ. ಆದರೂ ಹಲಗಿಯ ವಿಡಿಯೋ ನೋಡಲು ಕೂತ. ಮುನ್ನೂರಕ್ಕಿಟ್ಟು ತೋರಿಸಿದೆ, ನಲವತ್ತಕ್ಕಿಟ್ಟು ತೋರಿಸಿದೆ. ಅವನು ಮತ್ತೆ ಮುನ್ನೂರಕ್ಕೆ ಇಡಿಸಿದ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ ನೋಡಿದ, ನಲವತ್ತಕ್ಕೇ ಇರಲಿ ಎಂದ. ಆಯಿಯ ಕಿವಿಯ ಸಂಗತಿಯನ್ನು ಆಗ ಹೇಳಿದೆ.

ಏಳು ಗಂಟೆಗೆ ಆಯಿಯನ್ನು ಕರೆದೆ. ಅವಳು ಒಲ್ಲೆ ಎಂದಳು. ಕೈ ಹಿಡಿದು ತಂದು ಕೂರಿಸಿದೆ. ಮೊದಲು ನೆಲ ನೋಡುತ್ತ ಕೂತಿದ್ದವಳು ಸ್ವಲ್ಪ ಹೊತ್ತಿಗೆ ಮುಂದೆ ಬಾಗಿದಳು. ಜಾಹೀರಾತು ಬಂದಾಗ ಅಣ್ಣ ಟಿವಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಈಗ ಯಾರು ಯಾರಿಗೆ ಬೈದರು ಎಂದು ಕೇಳಿದ. ಬೈದದ್ದು ಅತ್ತೆ, ಸೊಸೆ ಅಳಲಿಲ್ಲ, ಬಾಗಿಲ ಹೊರಗೆ ಹೋಗಿ ತಾನೂ ಎರಡು ಮಾತು ಅಂದಳು ಎಂದು ಆಯಿ ಹೇಳಿದಳು. ಆ ಎರಡು ಮಾತು ನಮಗ್ಯಾರಿಗೂ ಕೇಳಿಸಿರಲಿಲ್ಲ.

ಅಣ್ಣನ ದನಿ ಮೆತ್ತಗಾಯಿತು. ಎದುರಿಗೆ ಮುಖ ಕೊಟ್ಟು ನಿಧಾನವಾಗಿ ಹೇಳಿದ.

"ಆಯಿ, ನಾಳೆ ಮಿರಜಕ್ಕ ಹೋಗೂಣು. ತಲಿಗಲ್ಲ, ಕಿವಿಗೆ."

"ಆತು, ಹೋಗೂಣು," ಎಂದಳು ಆಯಿ. "ಈಗ ಬಾಜೂಕ ಸರಿ. ಅವರ ಬಾಯಿ ಕಾಣವಲ್ದು."