ಎರಡನೇ ನಂಬರಿನ ಅಂಗಿ

ಡ್ರೆಸ್ಸಿಂಗ್ ರೂಮಿನ ಬಾಗಿಲಿಗೆ ಅಂಟಿಸಿದ್ದ ಪಟ್ಟಿಯನ್ನು ಮೇಸ್ತ್ರಿ ಮೂರು ಸಲ ಓದಿದ. ಮೂರು ಸಲವೂ ಎರಡನೇ ನಂಬರಿನ ಮುಂದೆ ಸ್ಪ್ರಿಂಗನ ಹೆಸರೇ ಇತ್ತು. ತನ್ನದು ಕೆಳಗೆ, ಬೆಂಚಿನವರ ಜೊತೆ. ಹದಿನಾಲ್ಕು ವರ್ಷ ಎರಡನೇ ನಂಬರಿನ ಅಂಗಿ ತೊಟ್ಟು ಈ ರಗ್ಬಿ ತಂಡದ ಹುಕ್ಕರ್ ಆಗಿದ್ದವನಿಗೆ ನಾಳೆಯ ಫೈನಲ್‌ನಲ್ಲಿ ನೀರಿನ ಬಾಟಲಿ ಕಾಯುವ ಕೆಲಸ! ಪಿತ್ತ ನೆತ್ತಿಗೇರಿತು.

ಬಡಗಿ ಕೆಲಸದವನಾದ್ದರಿಂದ ತಂಡಕ್ಕೆಲ್ಲ ಅವನು ಮೇಸ್ತ್ರಿ. ಸ್ಪ್ರಿಂಗ್ ಎಂಬ ಅಡ್ಡಹೆಸರಿನವ ಇಪ್ಪತ್ತೊಂದರ ಹುಡುಗ, ಕೊರಿಯರ್ ಹಂಚುವವ. ಚೆಂಡನ್ನು ನೆಟ್ಟಗೆ ಎಸೆಯುವುದನ್ನು ಅವನಿಗೆ ಕಲಿಸಿದವನೇ ಮೇಸ್ತ್ರಿ. ಕಲಿಸಿದ್ದಕ್ಕೆ ಸಿಕ್ಕ ಬಹುಮಾನ ನೋಡಿ.

"ಏನ್ ಸಾರ್ ಇದು?" ಎಂದು ಒಳಗೆ ನುಗ್ಗಿದ.

"ವಯಸ್ಸು ಅಂತ ಒಂದಿದೆಯಲ್ಲ ಮೇಸ್ತ್ರಿ." ಕೋಚ್ ಮುಖ ನೋಡದೆ ಸೀಟಿಯ ದಾರವನ್ನು ಬೆರಳಿಗೆ ಸುತ್ತತೊಡಗಿದ.

"ಮೂವತ್ತೇಳಕ್ಕೆ ಮುದುಕನಾ? ಹೋದ ವಾರ ಒಂದಾದ್ರೂ ಸ್ಕ್ರಮ್ ಸೋತ್ವಾ?"

"ಇಲ್ಲ."

"ಮತ್ತೆ ಯಾರು ನಿಮ್ಮ ಕಿವಿ ಊದಿದ್ದು?"

ಕೋಚ್‌ನ ಕಣ್ಣು ಮೂಲೆಯ ಬೆಂಚಿನತ್ತ ಹೋಯಿತು. ಅಲ್ಲಿ ಮಂಡಿಗೆ ಪಟ್ಟಿ ಸುತ್ತುತ್ತ ಕೂತಿದ್ದವನು ಮೇಸ್ತ್ರಿಯ ಹೆಂಡತಿಯ ತಮ್ಮ. ಸ್ಕ್ರಮ್‌ನಲ್ಲಿ ಎಂಟೆಂಟು ಜನ ತಲೆ ತಗ್ಗಿಸಿ ಎದುರುಬದುರು ತಳ್ಳುವಾಗ, ಹುಕ್ಕರ್ ಮುಂದಿನ ಸಾಲಿನ ನಡುವೆ ಇಬ್ಬರ ಬೆನ್ನ ಮೇಲೆ ಕೈ ಹಾಕಿ ಜೋತುಬಿದ್ದು, ಕಾಲಲ್ಲಿ ಚೆಂಡು ಎಳೆಯಬೇಕು. ಹತ್ತು ವರ್ಷದಿಂದ ಮೇಸ್ತ್ರಿಯ ಎಡಗೈ ಇದ್ದದ್ದು ಈ ಭಾವಮೈದನ ಬೆನ್ನ ಮೇಲೆ.

"ನೀನಾ?"

"ಹೂಂ ಭಾವ. ನಾನೇ ಹೇಳ್ದೆ."

"ಥೂ! ನನ್ನ ಮನೇಲೇ ಉಂಡು ನನ್ನ ಬೆನ್ನಿಗೇ ಚೂರಿ ಹಾಕ್ತೀಯಾ?"

"ನಿಮ್ಮ ಎಡಗೈ ಹಿಡೀತಾ ಇಲ್ಲ ಭಾವ. ಎರಡು ಸೀಸನ್ನಿಂದ ಹಿಡೀತಾ ಇಲ್ಲ. ನಾನೊಬ್ಬನೇ ಹಿಡ್ಕೊಂಡಿದೀನಿ, ಇಬ್ಬರ ಪಾಲಿಂದು. ನಾಳೆ ಅವರು ಒಂದ್ಸಲ ಜೋರಾಗಿ ನುಗ್ಗಿದ್ರೆ ನಿಮ್ಮ ಕತ್ತು ಮುರಿಯತ್ತೆ. ನಂದೂ."

"ಸುಳ್ಳು ಬೊಗಳಬೇಡ!"

ಮೇಸ್ತ್ರಿಯ ಎಡ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಮೊಳೆ ಜಾರಿ ಸುತ್ತಿಗೆ ಬೆರಳಿಗೆ ಬಿದ್ದದ್ದು ಈ ತಿಂಗಳಲ್ಲಿ ನಾಲ್ಕನೇ ಸಲ. ಸುತ್ತಿಗೆಯ ಹಿಡಿ ಸಡಿಲ ಎಂದು ಮನೆಯಲ್ಲಿ ಹೇಳಿದ್ದ, ತನಗೂ ಹಾಗೇ ಹೇಳಿಕೊಂಡಿದ್ದ.

ಎರಡೇ ಹೆಜ್ಜೆಗೆ ಹೋಗಿ ಭಾವಮೈದನನ್ನು ಎಬ್ಬಿಸಿ, ಎಡಗೈಯಲ್ಲಿ ಅವನ ಎದೆಯ ಅಂಗಿ ಹಿಡಿದು, ಕೆನ್ನೆಗೆ ಬಾರಿಸಲು ಬಲಗೈ ಎತ್ತಿದ. ಭಾವಮೈದ ತಡೆಯಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ಒಂದು ಹೆಜ್ಜೆ ಹಿಂದಕ್ಕೆ ಇಟ್ಟ, ಅಷ್ಟೇ. ಅಂಗಿ ಬೆರಳುಗಳಿಂದ ಸಲೀಸಾಗಿ ಜಾರಿ ಹೋಯಿತು.

ಎಲ್ಲರೂ ನೋಡಿದರು. ಸದಾ ಕಾಲೆಳೆಯುವ ಹುಡುಗರಲ್ಲಿ ಒಬ್ಬನೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಈ ಕನಿಕರ ಅವನ ಮೈಯೆಲ್ಲ ಉರಿಸಿತು. ಬೆಂಚಿಗೆ ಜಾಡಿಸಿ ಒದ್ದ. ತಿರುಗಿದರೆ ಬಾಗಿಲಲ್ಲಿ ಸ್ಪ್ರಿಂಗ್.

"ಏಯ್, ಏನ್ ಗೂಟದ ತರ ನಿಂತಿದೀಯ? ಬಾ ಇಲ್ಲಿ!"

ಅವನ ಎಡಗೈಯನ್ನು ದರದರ ಎಳೆದು ತಂದು ಭಾವಮೈದನ ಕಂಕುಳ ಕೆಳಗಿನ ಬಟ್ಟೆಗೆ ಒತ್ತಿದ. "ಇಲ್ಲಿ ಹಿಡೀಬೇಕು. ಇವನು ಸುಸ್ತಾದ್ರೆ ಒಳಕ್ಕೆ ವಾಲ್ತಾನೆ, ಆಗ್ಲೂ ಬಿಡಬಾರದು. ನೀನು ಬಿಟ್ಟು ಇವನಿಗೇನಾದ್ರೂ ಆದ್ರೆ, ಇವನ ಅಕ್ಕನಿಗೆ ನಾನು ಏನಂತ ಮುಖ ತೋರಿಸಲಿ?"

"ಹಿಡ್ಕೊಂಡಿದೀನಿ ಮೇಸ್ತ್ರಿ."

"ಇನ್ನೂ ಗಟ್ಟಿಯಾಗಿ, ಕತ್ತೆ!"

ಆ ಮುಷ್ಟಿ ಬಿಡಿಸಲು ಮೇಸ್ತ್ರಿ ಎರಡೂ ಕೈ ಹಾಕಿ ಹಲ್ಲು ಕಚ್ಚಿ ಎಳೆದ. ಅದು ಬಿಡಲಿಲ್ಲ. ಅದಕ್ಕೂ ಅವನಿಗೆ ಸಿಟ್ಟು ಬಂತು.