ಬಟ್ಟೆ ಒಣಗಿಸುವಷ್ಟು ಎತ್ತರ

"ಆ ಮರಾನ ಇನ್ನೂ ಎಷ್ಟು ಹೊತ್ತು ನೋಡ್ತೀರ?" ಎಂದಳು ಹೆಂಡತಿ ತಾರಸಿಯ ಬಾಗಿಲಲ್ಲಿ ನಿಂತು. "ಅದೇನು ಎದ್ದು ಓಡಿಹೋಗುತ್ತಾ?"

ಮೇಷ್ಟ್ರು ಮರದಿಂದ ಕಣ್ಣು ಕೀಳಲಿಲ್ಲ. ಅವರ ಕೈಯಲ್ಲಿ ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇತ್ತು. ಅದರ ಕೊರಳಿಗೆ ಕಟ್ಟಿದ ನೈಲಾನ್ ದಾರ ಕಾಲ ಬಳಿ ಸುರುಳಿ ಸುತ್ತಿಕೊಂಡಿತ್ತು. ಬಾಟಲಿಯನ್ನು ಎಸೆದು ಮನೆಯ ಮುಂದಿನ ಮರದ ಕೊಂಬೆ ದಾಟಿಸಬೇಕು, ದಾರದ ಹಿಂದೆ ತಾಮ್ರದ ತಂತಿಯನ್ನು ಮೇಲಕ್ಕೆಳೆದು ಬಿಗಿಯಬೇಕು, ತಂತಿಯ ನಡುವಿನಿಂದ ಇಳಿಯುವ ಕೇಬಲ್ಲನ್ನು ರೇಡಿಯೋಗೆ ಸಿಕ್ಕಿಸಬೇಕು. ಬೇರೆ ದಿನವಾಗಿದ್ದರೆ ಶಿಳ್ಳೆ ಹಾಕಿಕೊಂಡು ಮಾಡುವ ಕೆಲಸ. ಆದರೆ ಕೊಂಬೆಯ ಆಚೆಗೆ, ಬೀದಿಯ ಉದ್ದಕ್ಕೂ, ವಿದ್ಯುತ್ ತಂತಿಗಳು ಹಾದುಹೋಗಿದ್ದವು.

ಕೆಳಗೆ ಬೀದಿ ಎಂಬುದೇ ಇರಲಿಲ್ಲ. ಕಂದು ಬಣ್ಣದ ನೀರು ಗೇಟುಗಳನ್ನು ನುಂಗಿ, ಕಿಟಕಿಗಳ ಸರಳಿಗೆ ಕಸ ಸಿಕ್ಕಿಸುತ್ತ, ಮೂಲೆಯಲ್ಲಿ ಸುಳಿ ತಿರುಗಿ ಹೋಗುತ್ತಿತ್ತು. ಮಳೆ ನಿಂತಿದ್ದರೂ ನೀರು ಇಳಿಯುವ ಲಕ್ಷಣ ಕಾಣುತ್ತಿರಲಿಲ್ಲ. ಫೋನುಗಳು ಮೊದಲ ದಿನವೇ ಸತ್ತಿದ್ದವು. ಎದುರು ಮನೆಯ ಬೇಕರಿಯವನು ಡ್ರಮ್ಮುಗಳನ್ನು ಕಟ್ಟಿ ತೇಲಿಬಿಟ್ಟ ತೆಪ್ಪ, ಅವನು ಹತ್ತುವ ಮೊದಲೇ ಅವನ ಕೈ ತಪ್ಪಿಸಿಕೊಂಡು ಮೂಲೆಯ ಕಂಬಕ್ಕೆ ಬಡಿದು ಚೂರಾಗಿತ್ತು.

ಒಳಗೆ, ಮಹಡಿಯ ಕೋಣೆಯಲ್ಲಿ, ಮಗಳು ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಚಿಕ್ಕಂದಿನಲ್ಲೇ ಬಂದ ಸಕ್ಕರೆ ಕಾಯಿಲೆ. ಹೊತ್ತು ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಂಡರೆ ಉಳಿದ ಮಕ್ಕಳ ಹಾಗೆಯೇ ಓಡಾಡಿಕೊಂಡಿರುವ ಹುಡುಗಿ. ಮಹಡಿಗೆ ಬಂದಿದ್ದ ಒಂದೇ ಇನ್ಸುಲಿನ್ ಪೆನ್ನಿನಲ್ಲಿ ಉಳಿದಿದ್ದ ಕೊನೆಯ ಹನಿಗಳನ್ನು ನಿನ್ನೆ ಬೆಳಗ್ಗೆ ಚುಚ್ಚಿ ಆಗಿತ್ತು. ರಾತ್ರಿಯಿಂದ ನೀರು ಕೇಳುತ್ತಿದ್ದಳು, ಕುಡಿದದ್ದನ್ನು ಕಕ್ಕುತ್ತಿದ್ದಳು. ಮಧ್ಯಾಹ್ನದಿಂದ ಉಸಿರು ಆಳಕ್ಕಿಳಿದಿತ್ತು, ಯಾರೋ ಮೆಟ್ಟಿಲು ಹತ್ತಿ ಬಂದವರ ಹಾಗೆ. ಬಾಯಿಂದ ಕೊಳೆಯತೊಡಗಿದ ಹಣ್ಣಿನ ವಾಸನೆ. ಆ ವಾಸನೆ ಯಾವ ರಾಸಾಯನಿಕದ್ದು, ಅದು ರಕ್ತದಲ್ಲಿ ಏಕೆ ಹುಟ್ಟುತ್ತದೆ, ಮುಂದೆ ಏನಾಗುತ್ತದೆ ಎಂಬುದೆಲ್ಲ ವಿಜ್ಞಾನದ ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿರದಿದ್ದರೇ ಚೆನ್ನಾಗಿತ್ತು.

ನೀರು ನುಗ್ಗಿದ ಬೆಳಗ್ಗೆ ಹೆಂಡತಿ ಮಗಳನ್ನು ಎಬ್ಬಿಸಿ, ಬಟ್ಟೆಬರೆ, ಅಕ್ಕಿ, ಸ್ಟವ್ ಎಲ್ಲ ಹೊತ್ತು ಮಹಡಿಗೆ ಸಾಗಿಸಿದ್ದಳು. ಮೇಷ್ಟ್ರು ರೇಡಿಯೋ ಮತ್ತು ಬ್ಯಾಟರಿಯನ್ನು ಎದೆಗವಚಿಕೊಂಡು ತಂದಿದ್ದರು. ಫ್ರಿಜ್ಜಿನಲ್ಲಿದ್ದ ಔಷಧಿಯ ಡಬ್ಬಿಯನ್ನು ಅವರು ತಂದಿರುತ್ತಾರೆ ಎಂದು ಅವಳು ಅಂದುಕೊಂಡಳು, ಏಕೆಂದರೆ ಅದನ್ನು ಅಳೆದು ಇಡುವವರು ಅವರು. ಅವಳು ತಂದಿರುತ್ತಾಳೆ ಎಂದು ಅವರು ಅಂದುಕೊಂಡರು, ಏಕೆಂದರೆ ಅಡುಗೆಮನೆಯಿಂದ ಬಂದವಳು ಅವಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವ ಹೊತ್ತಿಗೆ ಕೆಳಗೆ ಫ್ರಿಜ್ಜು ಮಗುಚಿ, ಬಾಗಿಲು ತೆರೆದುಕೊಂಡು, ಎಮ್ಮೆಯ ಹಾಗೆ ನೀರಿನಲ್ಲಿ ಮೈ ಒಡ್ಡಿ ತೇಲುತ್ತಿತ್ತು. ಅಂದಿನಿಂದ ಅವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ರೇಡಿಯೋ ಹವ್ಯಾಸ ಅವರಿಗೆ ಹಳೆಯದು. ಪರೀಕ್ಷೆ ಬರೆದು ಪರವಾನಗಿ ಪಡೆದು, ಸಂಜೆಯಾದರೆ ಮೂಲೆಯಲ್ಲಿ ಕುಳಿತು ಎಲ್ಲೆಲ್ಲಿಯೋ ಇರುವ ಅಪರಿಚಿತರ ಜೊತೆ ಹವಾಮಾನ, ತಂತಿಯ ಉದ್ದ, ಮೊಮ್ಮಕ್ಕಳು ಎಂದು ಹರಟುವರು. ಬೇಕರಿಯವನು ಅವರಿಗೆ ಗಾಳಿ ಮೇಷ್ಟ್ರು ಎಂದೇ ಹೆಸರಿಟ್ಟಿದ್ದ. ಕಂಡಾಗಲೆಲ್ಲ "ಇವತ್ತು ಗಾಳಿ ಏನಂತು ಮೇಷ್ಟ್ರೇ?" ಎಂದು ಕೇಳುವನು. ಈ ವಿದ್ಯೆ ಕಲಿಸಿದ ಮುದುಕ ತಂತಿ ಆಫೀಸಿನಿಂದ ನಿವೃತ್ತನಾದವನು, ಬಲಗೈಯಲ್ಲಿ ಎರಡೇ ಬೆರಳಿದ್ದವನು. ಮೊದಲ ಪಾಠವೆಂದು ಅವನು ಹೇಳಿದ್ದು ಇಷ್ಟೇ: ಕಟ್ಟಿದ ತಂತಿ ಕಿತ್ತು ಯಾವ ಕಡೆಗೆ ಬಿದ್ದರೂ ಕರೆಂಟಿನ ಲೈನಿಗೆ ತಾಗಬಾರದು, ಅಷ್ಟು ದೂರ ಸಿಗದಿದ್ದರೆ ಕಟ್ಟಲೇಬೇಡ. ಮೇಷ್ಟ್ರು ಇಷ್ಟು ವರ್ಷ ಆ ಮಾತನ್ನು ಮೀರಿದವರಲ್ಲ.

"ಅಲ್ಲಿ ಲೈನ್ ಇದೆ," ಎಂದರು ಈಗ.

"ಲೈನಲ್ಲಿ ಏನಿದೆ? ಕರೆಂಟ್ ಹೋಗಿ ಎಷ್ಟು ದಿನ ಆಯ್ತು! ಅಳತೆ, ಅಳತೆ, ಯಾವಾಗ ನೋಡಿದ್ರೂ ಅಳತೆ. ನೀವು ಅಳೆದು ಮುಗಿಸೋದ್ರೊಳಗೆ ಅವಳು..." ಅವಳು ಮಾತನ್ನು ಅಲ್ಲಿಗೇ ನುಂಗಿಕೊಂಡಳು. ಆಮೇಲೆ ಮೆತ್ತಗೆ ಹೇಳಿದಳು: "ಲೋಕದವರ ಜೊತೆಯೆಲ್ಲ ಮಾತಾಡಿದ್ದೀರಲ್ಲ. ಇವತ್ತು ಒಬ್ಬರ ಹತ್ರ ಮಾತಾಡಿ, ಸಾಕು."

ಮೇಷ್ಟ್ರು ಬಾಟಲಿ ಬೀಸಿದರು. ಮೊದಲ ಸಲ ಅದು ಗೋಡೆಗೆ ಬಡಿದು ವಾಪಸು ಬಂತು. ಎರಡನೆಯ ಸಲ ಕೊಂಬೆಯನ್ನು ಸಲೀಸಾಗಿ ದಾಟಿತು, ದಾಟಿ ನಿಲ್ಲದೆ ಮುಂದಕ್ಕೆ ಹೋಯಿತು, ವಿದ್ಯುತ್ ತಂತಿಯನ್ನು ಸುತ್ತಿ ಸುತ್ತಿ ಗಂಟಾಗಿ ನೇತುಬಿತ್ತು.

ಅವರು ದಾರ ಬಿಟ್ಟು ಹಿಂದೆ ಸರಿದರು. ಹೆಂಡತಿ ಮುಂದೆ ನುಗ್ಗಿದಳು. ಕೆಸರು ನೀರಿನಲ್ಲಿ ನೆನೆದು ಕರ್ರಗಾಗಿದ್ದ ಆ ದಾರವನ್ನು ಕೈಗೆ ಸುತ್ತಿಕೊಂಡು ಎಳೆಯಲು ಬಗ್ಗಿದ್ದಳು. ಒದ್ದೆ ದಾರದಲ್ಲಿ ಕರೆಂಟು ಹರಿಯುತ್ತದೆ. ಮೇಷ್ಟ್ರು ಅವಳ ಭುಜಕ್ಕೆ ಕೈ ಹಾಕಿ ಜಗ್ಗಿದರು. ಎಷ್ಟು ಜೋರಾಗಿ ಎಂದರೆ ದಾರ ಕೈಯಿಂದ ಕಳಚಿ ಅವಳು ತಾರಸಿಯ ಪಾಚಿಯ ಮೇಲೆ ಜಾರಿ ಮೊಣಕೈ ಊರಿ ಬಿದ್ದಳು. ಮದುವೆಯಾದ ಮೇಲೆ ಒಂದು ದಿನವೂ ಅವರು ಅವಳ ಮೇಲೆ ಕೈ ಮಾಡಿದವರಲ್ಲ. ಬಿದ್ದಲ್ಲಿಂದಲೇ ಅವಳು ಅವರನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇರಲಿಲ್ಲ. ಇನ್ನೇನೂ ಉಳಿದಿಲ್ಲ ಎಂಬಂತಿತ್ತು.

ಆಗ ಎದುರು ಮನೆಯ ಮಹಡಿಯಲ್ಲಿ ಜನರೇಟರು ಕೆಮ್ಮಿ, ಗೊರಗುಟ್ಟಿ, ಶುರುವಾಯಿತು. ಅದರ ಹಿಂದೆಯೇ ಮೇಷ್ಟ್ರ ಮನೆಯ ಮೆಟ್ಟಿಲ ಮೇಲಿನ ಬಲ್ಬು ಕೆಂಪಗೆ ಹೊತ್ತಿಕೊಂಡಿತು. ಪಕ್ಕದ ಮನೆಯದೂ, ಅದರಾಚೆಯದೂ. ಅಕ್ಕಪಕ್ಕದ ತಾರಸಿಗಳಿಂದ ಕರೆಂಟ್ ಬಂತೆಂದು ಕೂಗು ಎದ್ದಿತು. ಬಲ್ಬುಗಳು ಒಮ್ಮೆ ಕಣ್ಣು ಬಿಟ್ಟು, ಮಂಕಾಗಿ, ಆರಿಹೋದವು. ಜನರೇಟರು ಉಸಿರುಗಟ್ಟಿ ನಿಂತಿತು.

ಹೆಂಡತಿ ಬಲ್ಬನ್ನು ನೋಡಿದಳು. ಆಮೇಲೆ ತನ್ನ ಅಂಗೈಯಲ್ಲಿ ದಾರ ಒತ್ತಿದ್ದ ಗೆರೆಯನ್ನು ನೋಡಿದಳು.

ಮೇಷ್ಟ್ರು ಕೈಗೋಡೆಗೆ ಹೋಗಿ ಬೇಕರಿಯವನನ್ನು ಕರೆದರು. ಮೇನ್ ಸ್ವಿಚ್ಚು ಆರಿಸದೆ ಜನರೇಟರು ಹಾಕಿದರೆ ಕರೆಂಟು ಮನೆಯಿಂದ ಹೊರಬಿದ್ದು ಬೀದಿಯ ಲೈನಿಗೆಲ್ಲ ಹರಿಯುತ್ತದೆ, ನೀರಿನಲ್ಲಿ ಯಾರಾದರೂ ಇದ್ದಿದ್ದರೆ ಏನು ಗತಿ ಎಂದರು. ಅವನಿಗೆ ಅದು ಹೊಸ ಸುದ್ದಿ. ಬರೀ ಮೇಲಿನ ಫ್ರಿಜ್ಜಲ್ಲಿರೋ ಕ್ರೀಮಿಗೆ ಅಂತ ಹಾಕಿದ್ದು, ಬೀದಿಗೆಲ್ಲ ಧರ್ಮ ಮಾಡೋಕೆ ನಾನೇನು ಸಾಹುಕಾರನೇ ಎಂದು ನಗಲು ನೋಡಿದ. ಮೇಷ್ಟ್ರ ಮುಖ ಕಂಡು ನಿಲ್ಲಿಸಿದ.

"ಮಗು ಹೇಗಿದೆ?"

ಮೇಷ್ಟ್ರು ಅಡ್ಡಡ್ಡ ತಲೆಯಾಡಿಸಿದರು.

"ಹಾಳಾಗ್ಲಿ ಬಿಡಿ ಕ್ರೀಮು. ಇನ್ನು ಜನರೇಟರ್ ಮುಟ್ಟಲ್ಲ," ಎಂದ ಅವನು.

ಮೇಷ್ಟ್ರು ಒಳಗಿನಿಂದ ಒಣ ಪೊರಕೆ ತಂದು, ಮರದ ಹಿಡಿಯಿಂದ ದಾರದ ತುದಿಯನ್ನು ತಳ್ಳಿ ತಾರಸಿಯಿಂದ ಆಚೆಗೆ ಬೀಳಿಸಿದರು. ಆಮೇಲೆ ಗೋಡೆಗೆ ಒರಗಿ ಕುಳಿತರು. ಎತ್ತರವೂ ಹೋಯಿತು, ದಾರವೂ ಹೋಯಿತು. ಕತ್ತಲಾಗಲು ಹೆಚ್ಚು ಹೊತ್ತಿರಲಿಲ್ಲ.

"ಎತ್ತರನೇ ಬೇಕಾ?" ಎಂದಳು ಹೆಂಡತಿ ಹಿಂದಿನಿಂದ.

ಅವಳು ತಾರಸಿಯ ಹಿಂಬದಿಯ ಕಡೆಗೆ ನೋಡುತ್ತಿದ್ದಳು. ಅಲ್ಲಿ, ಬೀದಿಗೆ ಬೆನ್ನು ಮಾಡಿ, ಬಟ್ಟೆ ಒಣಗಿಸುವ ಎರಡು ಕಬ್ಬಿಣದ ಕಂಬಗಳು ನಿಂತಿದ್ದವು. ಆ ಕಂಬಗಳ ಮೇಲೆ ಮೇಷ್ಟ್ರು ಎಷ್ಟೋ ಸಲ ಕಣ್ಣಿಟ್ಟಿದ್ದರು. ನಿಮ್ಮ ತಂತಿಗೆ ನನ್ನ ಬಟ್ಟೆ ಸಿಕ್ಕಿ ಹರಿಯೋದು ಬೇಡ ಎಂದು ಅವಳು ಒಂದು ಸಲವೂ ಬಿಟ್ಟುಕೊಟ್ಟಿರಲಿಲ್ಲ.

ಮೇಷ್ಟ್ರು ಎದ್ದರು. ಎತ್ತರ ಬೇಕಿರುವುದು ದೂರದವರಿಗೆ. ಅವರು ಇಷ್ಟು ವರ್ಷ ಮಾತಾಡಿದ್ದೆಲ್ಲ ದೂರದವರ ಜೊತೆಗೇ. ಆ ಅಭ್ಯಾಸದಲ್ಲಿ ಮರ ಬಿಟ್ಟು ಬೇರೇನೂ ಕಂಡಿರಲಿಲ್ಲ. ಪಕ್ಕದ ಊರಿನವರ ಕಿವಿಗೆ ಬೀಳಬೇಕಾದರೆ ತಂತಿ ತಗ್ಗಿನಲ್ಲಿದ್ದರೇ ಒಳ್ಳೆಯದು. "ಪೈಪನ್ನ ನೆಟ್ಟಗೆ ಮೇಲಕ್ಕೆ ಹಿಡಿದ್ರೆ ನೀರು ಸುತ್ತಲೇ ಬೀಳುತ್ತಲ್ಲ, ಹಾಗೆ," ಎಂದರು. "ದನಿ ಆಕಾಶಕ್ಕೆ ಹೋಗಿ ಇಲ್ಲೇ ಸುತ್ತಮುತ್ತ ಇಳಿಯುತ್ತೆ."

ಅವಳು ಕಂಬಗಳ ನಡುವಿನ ಪ್ಲಾಸ್ಟಿಕ್ ಹಗ್ಗವನ್ನು ಆಗಲೇ ಬಿಚ್ಚತೊಡಗಿದ್ದಳು.

ತಂತಿಯ ತುದಿ ಕಬ್ಬಿಣಕ್ಕೆ ತಾಗಬಾರದು. ನಡುವೆ ಕರೆಂಟು ಹರಿಯದ ವಸ್ತು ಬೇಕು. ಅವರ ಪಿಂಗಾಣಿ ಬಿಲ್ಲೆಗಳೆಲ್ಲ ಕೆಳಗೆ ನೀರಿನಲ್ಲಿದ್ದವು. ಮೇಷ್ಟ್ರು ಕೋಣೆಗೆ ಹೋಗಿ ಸುತ್ತ ನೋಡಿ, ಹಿಡಿಯ ತುದಿಯಲ್ಲಿ ತೂತಿದ್ದ ಎರಡು ಹಲ್ಲುಜ್ಜುವ ಬ್ರಷ್ಷುಗಳನ್ನು ತೆಗೆದುಕೊಂಡರು.

"ಹಳದಿದು ನಂದು," ಎಂದಳು ಮಗಳು ಕಣ್ಣು ತೆರೆಯದೆಯೇ, ಸದ್ದಿನಿಂದ ಗುರುತು ಹಿಡಿದು.

"ಸ್ವಲ್ಪ ಹೊತ್ತಿಗೆ ಕೊಡು. ಆಮೇಲೆ ತಂದುಕೊಡ್ತೀನಿ."

"ತೊಳೆದು ಕೊಡಿ." ಉಸಿರು ಎಳೆದುಕೊಳ್ಳಲು ಅವಳು ನಿಲ್ಲಬೇಕಾಯಿತು. "ಅಪ್ಪ, ನೀರು."

ಅವರು ಚಮಚದಲ್ಲಿ ತುಟಿ ಒದ್ದೆ ಮಾಡಿ ಹೊರಬಂದರು.

ಕಂಬಗಳಿಗೆ ಆ ಪ್ಲಾಸ್ಟಿಕ್ ಹಗ್ಗದ ಕುಣಿಕೆ ಹಾಕಿ, ಅದರೊಳಗೆ ತಂತಿ ಹಾಯಿಸಿ ಕಟ್ಟಿದಾಗ ಎರಡು ಕಡೆಯೂ ಉದ್ದ ಉಳಿಯಿತು. ಅದನ್ನು ಬಗ್ಗಿಸಿ ಒಂದು ತುದಿಯನ್ನು ನೀರಿನ ತೊಟ್ಟಿಯ ಕಡೆಗೆ, ಇನ್ನೊಂದನ್ನು ಮೆಟ್ಟಿಲ ಕೋಣೆಯ ಕೊಕ್ಕೆಗೆ ಎಳೆದು ಬ್ರಷ್ಷಿಗೆ ಬಿಗಿದರು. ತಂತಿ ಅವರ ತಲೆಯಿಂದ ಒಂದು ಮೊಳ ಮೇಲಿತ್ತು, ತುದಿಗಳು ಎದೆಯ ಮಟ್ಟಕ್ಕೆ ಇಳಿದಿದ್ದವು. ತಾವು ರೇಡಿಯೋದಲ್ಲಿ ಮಾತಾಡುವಾಗ ಯಾರೂ ಇದನ್ನು ಮುಟ್ಟಬಾರದು, ಮುಟ್ಟಿದರೆ ಸುಡುತ್ತದೆ ಎಂದರು. ಮಬ್ಬಿನಲ್ಲಿ ತಂತಿ ಕಾಣುವುದೂ ಇಲ್ಲ. ಹೆಂಡತಿ ಒಳಗೆ ಹೋಗಿ ಮಗಳ ಕೋಣೆಯ ಕೆಂಪು ಪರದೆಯನ್ನು ಕಿತ್ತು ತಂದು, ಹಲ್ಲಿನಿಂದ ಕಚ್ಚಿ ಹರಿದು, ತುಂಡು ತುಂಡಾಗಿ ತಂತಿಯುದ್ದಕ್ಕೂ ಕಟ್ಟಿದಳು. ನೆಟ್ಟಗೆ, ಸಮ ದೂರದಲ್ಲಿ. ಅಳತೆ ಅವಳಿಗೂ ಬರುತ್ತಿತ್ತು.

ಮೇಷ್ಟ್ರು ಬ್ಯಾಟರಿ ಸಿಕ್ಕಿಸಿದರು. ಅದರ ಕಸುವು ಮುಗಿಯುತ್ತ ಬಂದಿತ್ತು. ಕೇಳಿಸಿಕೊಳ್ಳುವುದಕ್ಕೆ ಹೆಚ್ಚು ಬೇಡ, ಮಾತಾಡಿದರೆ ಮಾತ್ರ ಕುಡಿದುಬಿಡುತ್ತದೆ. ಹೆಂಡತಿಯನ್ನು ದೂರ ನಿಲ್ಲಿಸಿ, ಮೈಕಿನ ಗುಂಡಿ ಒತ್ತಿ, ತಮ್ಮ ಪರವಾನಗಿಯ ಸಂಕೇತ ಹೇಳಿ, ತುರ್ತು ಎಂದರು. ಗುಂಡಿ ಬಿಟ್ಟರು. ಸರ್ರೆಂಬ ಸದ್ದು. ಮತ್ತೆ ಕರೆದರು. ಸದ್ದು. ಮುಳ್ಳನ್ನು ಬೇರೆ ಕಡೆಗೆ ತಿರುಗಿಸಿ ಕರೆದರು. ಎಂದೂ ನಡುಗದ ಅವರ ಪಾಠದ ದನಿ, ಈಗ ಕೊನೆಯ ಅಕ್ಷರಗಳಲ್ಲಿ ಒಡೆಯುತ್ತಿತ್ತು. ಯಾರೂ ಇಲ್ಲ. ಯಾರೂ ಇಲ್ಲವೆಂದು ಅವರಿಗೆ ಖಾತ್ರಿಯಾಗುವ ಹೊತ್ತಿಗೆ, ಆ ಸರ್ರೆಂಬ ಸದ್ದಿನ ತಳದಿಂದ ಒಬ್ಬ ವಯಸ್ಸಾದ ಹೆಂಗಸಿನ ದನಿ, ಅವಸರವಿಲ್ಲದೆ, ಪಕ್ಕದ ಕೋಣೆಯಿಂದ ಬಂದಂತೆ ಬಂತು.

"ಕೇಳ್ತಾ ಇದೆ. ಹೇಳಿ."

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಷ್ಟ್ರು ಔಷಧಿಯ ಹೆಸರು ಹೇಳಿದರು, ವಯಸ್ಸು ಹೇಳಿದರು, ಉಸಿರಾಟದ ರೀತಿ ಹೇಳಿದರು, ಊರು, ಬೀದಿ ಹೇಳಿದರು. ಒಂದು ಮಾತು ಹೆಚ್ಚಿಲ್ಲ. ಆಕೆ ಎಲ್ಲವನ್ನೂ ತಿರುಗಿ ಒಪ್ಪಿಸಿದರು. ನದಿಯಾಚೆ ದೋಣಿಯವರು ಇದ್ದಾರೆ, ಕಳಿಸಲು ನೋಡುತ್ತೇನೆ ಎಂದರು.

"ಮನೆ ಗುರುತು ಏನು?"

ಮೇಷ್ಟ್ರು ತಲೆಯೆತ್ತಿ ನೋಡಿದರು. "ತಾರಸಿ ಮೇಲೆ ಕೆಂಪು ಬಟ್ಟೆ. ಸಾಲಾಗಿ ಕಟ್ಟಿದೆ."

"ಕೆಂಪು..." ಎಂದಿತು ದನಿ. ರೇಡಿಯೋದ ದೀಪ ಆರಿತು.

ಅವರು ಗುಂಡಿ ಒತ್ತಿದರು. ಬ್ಯಾಟರಿಯ ಎಳೆಗಳನ್ನು ಉಜ್ಜಿ ಮತ್ತೆ ಸಿಕ್ಕಿಸಿದರು. ಮತ್ತೆ ಒತ್ತಿದರು. ಕೊನೆಗೆ ಮೈಕನ್ನು ಮಡಿಲಲ್ಲಿ ಇಟ್ಟುಕೊಂಡರು. ಒಳಗಿನಿಂದ ಮಗಳ ಉಸಿರು ಕೇಳುತ್ತಿತ್ತು.

"ಈಗ ಮುಟ್ಟಬಹುದಾ?" ಎಂದಳು ಹೆಂಡತಿ.

"ಮುಟ್ಟು. ಈಗ ಅದು ಬರೀ ತಂತಿ."

ಅವಳು ತಂತಿಯ ಕೆಳಗೆ ಹೋಗಿ ನಿಂತಳು. ತಂತಿಗೆ ಸುತ್ತಿಕೊಂಡಿದ್ದ ಕೆಂಪು ತುಂಡುಗಳನ್ನು ಒಂದೊಂದಾಗಿ ಬಿಡಿಸಿ, ಗಾಳಿಗೆ ಹಾರುವಂತೆ ಕೊಡವಿದಳು. ತುದಿಯಲ್ಲಿ ಹಳದಿ ಬ್ರಷ್ಷು ತಂತಿಯ ಎಳೆತಕ್ಕೆ ಸಿಕ್ಕಿ ಬಿಗಿಯಾಗಿ ನಿಂತಿತ್ತು. ಅದನ್ನೂ ಮುಟ್ಟಿ, ಗಂಟು ಗಟ್ಟಿಯಾಗಿದೆಯೇ ನೋಡಿ, ಅವಳು ನೀರಿನ ಕಡೆಗೆ ಕಿವಿಗೊಟ್ಟು ನಿಂತಳು.